ಗಿರಿಜಕ್ಕನ ಪ್ರಾಯ

ಆಗೆಲ್ಲ ಅಳದಂಗಡಿ ಕಡೆಯ ಮನೆಗಳಲ್ಲಿ ಫೋಟೊ ಎಂದರೆ ಒಂದೋ ಎರಡೋ. ನಮ್ಮಲ್ಲಿದ್ದದ್ದು ಒಂದೇ, ಮೂಡಬಿದ್ರೆಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಕುರ್ಚಿಯಲ್ಲಿ ಅಮ್ಮ, ಮಡಿಲಲ್ಲಿ ಕೂಸಾಗಿದ್ದ ಲೀಲಕ್ಕ, ಹಿಂದೆ ಅಪ್ಪ, ಪಕ್ಕದಲ್ಲಿ ಹಿರಿಯವಳು ಗಿರಿಜಕ್ಕ. ಫೋಟೊ ತೆಗೆಸಿ ಸ್ವಲ್ಪ ಸಮಯಕ್ಕೇ ಗಿರಿಜಕ್ಕ ಜ್ವರ ಬಂದು ತೀರಿಕೊಂಡಳಂತೆ. ನಾನು ಹುಟ್ಟಿದ್ದು ಎಷ್ಟೋ ವರ್ಷಗಳ ನಂತರ.

ನನಗೆ ಒಂಬತ್ತು ವರ್ಷವಾಗಿದ್ದಾಗಿನ ಮಳೆಗಾಲ, ಆಟಿ ತಿಂಗಳು. ನಾಟಿ ಮುಗಿದಿತ್ತು. ಮಧ್ಯಾಹ್ನ ನಾನೂ ಲೀಲಕ್ಕನೂ ಚೆನ್ನೆಮಣೆ ಆಡುತ್ತಿದ್ದರೆ ಒಳಗಿನಿಂದ ಪತ್ರೊಡೆ ಬೇಯುವ ವಾಸನೆ ಬರುತ್ತಿತ್ತು. ಲೀಲಕ್ಕನಿಗೆ ಬಂದ ಎರಡು ಸಂಬಂಧಗಳು ಮಾತು ಮುಗಿದ ಮೇಲೆ ತಪ್ಪಿಹೋಗಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಮದುವೆಯಾಗದೆ ಸತ್ತ ಹಿರಿಯವಳು ಮನೆಯಲ್ಲೇ ಕಾದಿದ್ದಾಳೆ, ಮೊದಲು ಅವಳದಾಗಬೇಕು ಎಂದು ಬಂತು. ನಮ್ಮ ಕಡೆ ಇದು ಹೊಸತಲ್ಲ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ, ಪ್ರಾಯ ನೋಡಿ, ಆಟಿಯಲ್ಲಿ ಮದುವೆ ಮಾಡುತ್ತಾರೆ.

ನಾರಾವಿಯಲ್ಲಿ ಹುಡುಗ ಸಿಕ್ಕಿದ. ಲೀಲಕ್ಕ ಹುಟ್ಟಿದ ವರ್ಷವೇ ಹೊಳೆಗೆ ಬಿದ್ದು ಹೋದವನು; ಆಗ ಅವನಿಗೆ ಐದು. ಸಂಬಂಧ ಕೂಡಬೇಕಾದರೆ ಗಿರಿಜಕ್ಕ ಅವನಿಗಿಂತ ಚಿಕ್ಕವಳಾಗಿರಬೇಕಿತ್ತು. ಆದರೆ ಅವಳು ಮನೆಯಲ್ಲೇ ಹುಟ್ಟಿ, ಶಾಲೆ ಸೇರದೆಯೇ ಹೋದವಳು. ಪ್ರಾಯವನ್ನು ಯಾರೂ ಬರೆದಿಟ್ಟಿರಲಿಲ್ಲ. ಆರು ಆಗಿರಬಹುದು ಎಂದರು ಅಪ್ಪ. ನಾಲ್ಕೇ ಎಂದು ಅಮ್ಮ ಹಟ ಹಿಡಿದಳು. ಈ ಸಂಬಂಧವೂ ಹೋದರೆ ಹಿರಿಯ ಮಗಳು ಇನ್ನೆಷ್ಟು ಕಾಲ ಕಾದು ನಿಂತೇ ಇರಬೇಕು ಎಂಬುದು ಅವಳ ಸಂಕಟ.

ಬಂಟ್ವಾಳದಲ್ಲಿ ಮಾಸ್ಟ್ರಾಗಿದ್ದ ಸೋದರಮಾವ ಫೋಟೊವನ್ನು ಗೋಡೆಯಿಂದ ಇಳಿಸಿ ಜಗಲಿಗೆ ತಂದರು. ಅಪ್ಪನ ತಲೆಗೂದಲು ಬೆರಳಗಲವೂ ಬೆಳೆದಿರಲಿಲ್ಲ. ಲೀಲಕ್ಕ ಹುಟ್ಟಿದ ವರ್ಷ ತೀರಿಕೊಂಡ ಅಜ್ಜನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ತಲೆ ಬೋಳಿಸಿ ಹೆಚ್ಚು ದಿನವಾಗಿಲ್ಲ ಎಂದಾಯಿತು. ಲೀಲಕ್ಕನ ಕತ್ತು ನಿಂತಿದೆ, ಬೆನ್ನು ಗಟ್ಟಿಯಾಗಿಲ್ಲ, ಅಮ್ಮನ ಕೈ ಆನಿಸಿಕೊಂಡಿದೆ. ಹಾಗಾಗಿ ಇದು ಹುಡುಗ ಹೋದ ವರ್ಷದ್ದೇ ಎಂದು ಮಾವ ತೀರ್ಮಾನಿಸಿದರು. ಉಳಿದದ್ದು ಗಿರಿಜಕ್ಕನ ಮುಖ. ಅದು ಮಾಸಿತ್ತು. ನಿನ್ನ ಕಣ್ಣು ಚುರುಕು ಎಂದು ನನ್ನ ಕೈಗೆ ಕೊಟ್ಟರು.

ಅವಳು ನಗುತ್ತಿದ್ದಳು.

"ಮೇಲಿನ ಎರಡು ಹಲ್ಲಿಲ್ಲ," ಎಂದೆ.

ಹಾಗಾದರೆ ಆರೋ ಏಳೋ ಆಗಿರಬೇಕು ಎಂದು ಮಾವ ಮೆಲ್ಲಗೆ ಹೇಳಿದರು.

"ಅದು ಜಗಲಿಯಿಂದ ಬಿದ್ದದ್ದು," ಎಂದಳು ಅಮ್ಮ. ಅಪ್ಪ ಅವಳನ್ನು ನೋಡಿದರು.

ಆದಿತ್ಯವಾರ ನಾರಾವಿಯವರು ಹೆಣ್ಣು ನೋಡಲು ಬಂದರು, ಹುಡುಗನ ತಂದೆ ಮತ್ತು ತಾಯಿ. ಬೆಲ್ಲ ನೀರು ಕೊಟ್ಟದ್ದಾಯಿತು. ಮಣೆಯ ಮೇಲೆ ಫೋಟೊ ಇಟ್ಟು ಮಲ್ಲಿಗೆ ಮುಡಿಸಿದ್ದರು. ಹುಡುಗನ ತಾಯಿ ಅದನ್ನೆತ್ತಿ ಮೆಟ್ಟಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಹಲ್ಲು ಹೋಗಿದೆಯಲ್ಲ?"

"ಬಿದ್ದಿದ್ದಳು," ಎಂದಳು ಅಮ್ಮ.

"ನಮ್ಮವನದ್ದು ಒಂದೂ ಅಲ್ಲಾಡಿರ್ಲಿಲ್ಲ."

ಮಾವ ನೆಲ ನೋಡಿದರು. ಎಲ್ಲ ಮುಗಿಯಿತು ಎಂದುಕೊಂಡೆ. ಆಕೆ ಸೆರಗಿನಿಂದ ಗಾಜು ಒರೆಸಿ, ಫೋಟೊವನ್ನು ಮಣೆಗೆ ಮರಳಿಸಿದರು.

"ಬಿದ್ದದ್ದೇ ಇರ್ಬೇಕು. ಮಕ್ಕಳು ಬೀಳ್ತಾರೆ ಅಕ್ಕಾ."

ಮದುವೆ ನಮ್ಮ ಜಗಲಿಯಲ್ಲೇ ಆಯಿತು. ಎರಡು ಮಣೆ, ಒಂದರ ಮೇಲೆ ಪಂಚೆ, ಇನ್ನೊಂದರ ಮೇಲೆ ಸೀರೆ, ಅದಕ್ಕೆ ಕರಿಮಣಿ. ಪಾಯಸವೂ ಇತ್ತು, ನಾನು ಎರಡು ಸಲ ಹಾಕಿಸಿಕೊಂಡೆ. ಹೊರಡುವಾಗ ಹುಡುಗನ ತಾಯಿ ಅಮ್ಮನ ಕೈ ಹಿಡಿದು, "ಹುಡುಗಿ ನಮ್ಮ ಮನೆಗೆ ಬರ್ಬೇಕಲ್ಲ. ನಮ್ಮಲ್ಲಿ ಅವನ ಒಂದು ಪಟವೂ ಇಲ್ಲ. ಇವಳದ್ದಾದ್ರೂ ಇರ್ಲಿ," ಎಂದರು.

ಅಪ್ಪ ಬೇಡವೆಂದು ತಲೆಯಾಡಿಸಿದರು. ಅಮ್ಮ ಚೌಕಟ್ಟು ಬಿಡಿಸಿ, ಮಾವನ ಗಡ್ಡದ ಬ್ಲೇಡು ಇಸಕೊಂಡು, ಕುರ್ಚಿಯ ಅಂಚಿಗೆ ಸರಿಯಾಗಿ ಗಿರಿಜಕ್ಕನಿದ್ದ ಭಾಗವನ್ನು ತಾನೇ ಕೊಯ್ದಳು.

ಮರುವರ್ಷ ಲೀಲಕ್ಕನ ಮದುವೆಯಾಯಿತು. ನಾರಾವಿಯವರು ಆಮೇಲೆ ಜಾಗ ಮಾರಿ ಘಟ್ಟದ ಮೇಲೆ ಹೋದರಂತೆ, ಎಲ್ಲಿಗೆಂದು ತಿಳಿದವರಿಲ್ಲ. ಅಪ್ಪ, ಮಾವ ಇಬ್ಬರೂ ಈಗಿಲ್ಲ. ಗಿರಿಜಕ್ಕನಿಗೆ ಆರು ತುಂಬಿತ್ತು ಎಂದು ಅಮ್ಮ ಈಗ ಯಾರೂ ಕೇಳದೆಯೇ ಹೇಳುತ್ತಾಳೆ. ಮುಖ ಮಾತ್ರ ನೆನಪಾಗುವುದಿಲ್ಲ ಎನ್ನುತ್ತಾಳೆ. ನಮ್ಮಲ್ಲಿ ಉಳಿದ ತುಂಡಿನಲ್ಲಿ, ಕುರ್ಚಿಯ ಕೈಯ ಮೇಲೆ ಗಿರಿಜಕ್ಕನ ನಾಲ್ಕು ಬೆರಳುಗಳಿವೆ. ಅದರಿಂದ ಪ್ರಾಯ ಹೇಳಲು ಆಗುವುದಿಲ್ಲ.