ನೀರು ಕೊಡದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆಯಾ ಕೆಲಸದ ಅಕ್ಕ, ಅವರ ಒಂದು ದಿನದ ಬಗ್ಗೆ ಬರೆಯಲೆಂದು ನಾನು ಬರುವಷ್ಟರಲ್ಲಿ, ಆಗಲೇ ನಲ್ಲಿಗಳ ತಿರುಪು ಹಿಡಿಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಾರೆ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನೂ ಬಿಡದೆ ಚೆಲ್ಲುತ್ತಾರೆ. ಆಮೇಲೆ ತೂಕದ ಯಂತ್ರ ಎಳೆದು ಕರೆಯುತ್ತಾರೆ: "ಬನ್ನಿ ಮೇಷ್ಟ್ರೇ, ಇವತ್ತು ನಿಮ್ಮದೇ ಬೋಣಿ!"

ಮೇಷ್ಟ್ರು ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಈಗ ಅವರಿಗೆ ತೀರದ ದಾಹದ ಕಾಯಿಲೆ. ಎಷ್ಟು ಕುಡಿದರೂ ಸಾಲದು. ಅಷ್ಟು ನೀರು ಒಳಗೆ ಹೋದರೆ ರಕ್ತದಲ್ಲಿನ ಉಪ್ಪಿನಂಶ, ಅಂದರೆ ಸೋಡಿಯಂ, ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು. ಸಂಜೆಯ ತೂಕ ಬೆಳಗಿನದಕ್ಕಿಂತ ವಿಪರೀತ ಏರಿದರೆ ಕದ್ದು ಕುಡಿದಿದ್ದಾರೆ ಎಂದೇ ಲೆಕ್ಕ. ಅತಿಯಾದರೆ ಅಮೃತವೂ ವಿಷ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ಅಕ್ಕ ಅದನ್ನು ಕಣ್ಣಾರೆ ಕಂಡವರು.

"ಹೊಸದಾಗಿ ಸೇರಿದ್ದೆ. ಒಬ್ಬ ಅಜ್ಜ ಕೈ ಮುಗಿದು ನೀರು ಕೇಳಿದ್ರು. ಬಾಯಾರಿದವ್ರಿಗೆ ಇಲ್ಲ ಅನ್ನೋದು ಹೇಗೆ? ಜಗ್ ತುಂಬಾ ಕೊಟ್ಟೆ. ಇನ್ನೊಂದು ಅಂದ್ರು, ಅದನ್ನೂ ಕೊಟ್ಟೆ. ಸಂಜೆ ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿದ್ರು. ಆದ್ರೆ ಆಮೇಲೆ ಹೆಂಡ್ತಿ ಗುರುತೂ ಹಿಡೀಲಿಲ್ಲ."

ಅಂದಿನಿಂದ ಅವರದೇ ಒಂದು ಪದ್ಧತಿ. ವಾರ್ಡಿನಲ್ಲಿರುವಷ್ಟು ಹೊತ್ತು ಇಂಥ ರೋಗಿಗೆ, ಈಗ ಮೇಷ್ಟ್ರಿಗೆ, ಎಷ್ಟೋ ಅಕ್ಕನಿಗೂ ಅಷ್ಟೇ ನೀರು. ಅದೇ ಅಳತೆಯ ಪುಟ್ಟ ಲೋಟ, ಅದೇ ಹೊತ್ತು. ಎದುರು ಬದುರು ಕೂತು ಗುಟುಕು ಗುಟುಕಾಗಿ ಕುಡಿಯುತ್ತಾರೆ. "ನನ್ನ ಗಂಟಲೂ ಒಣಗಿದ್ರೆ ತಾನೆ ಅವ್ರ ಸಿಟ್ಟು ಅರ್ಥ ಆಗೋದು?" ಸಿಟ್ಟೇನು ಸಾಮಾನ್ಯದ್ದೇ? ಮೇಷ್ಟ್ರಿಂದಲೇ ರಾಕ್ಷಸಿ ಅನ್ನಿಸಿಕೊಂಡಿದ್ದಾರೆ. "ಮನೆಗೆ ಹೋದ ತಕ್ಷಣ ತಂಬಿಗೆ ಎತ್ತುತೀನಿ. ಬಾವಿ ಬತ್ತಿಸ್ಬೇಡಮ್ಮಾ ಅಂತ ಮಗಳು ರೇಗಿಸ್ತಾಳೆ."

ಇಂದಿನ ಸಂಜೆಯ ತೂಕವೂ ಹಿಡಿತದಲ್ಲಿದ್ದರೆ ಮೇಷ್ಟ್ರನ್ನು ಮನೆಗೆ ಕಳಿಸುವುದಾಗಿ ವೈದ್ಯರು ಹೇಳಿದ್ದಾರೆ. ಅವರ ಹೆಂಡತಿ ಬೆಳಿಗ್ಗೆಯೇ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ಮಧ್ಯಾಹ್ನ ನೆಲ ಒರೆಸುವವರು ಬಕೆಟ್ ಬಿಟ್ಟು ಹೋಗುತ್ತಾರೆ. ಮೇಷ್ಟ್ರು ಅದರ ಮುಂದೆ ನಿಂತೇಬಿಡುತ್ತಾರೆ. ನಾನು ಥಟ್ಟನೆ ಅಕ್ಕನ ಕಡೆ ತಿರುಗುತ್ತೇನೆ. ಅಕ್ಕ ಓಡಿಹೋಗುವುದಿಲ್ಲ, ಗದರುವುದೂ ಇಲ್ಲ. ತಮ್ಮ ಖಾಲಿ ಲೋಟ ಎತ್ತಿ ತೋರಿಸುತ್ತಾರೆ. ಮೇಷ್ಟ್ರು ಸಣ್ಣಗೆ ನಕ್ಕು ಬಂದು ಎದುರಿಗೆ ಕೂರುತ್ತಾರೆ. ಸಂಜೆ ತೂಕದ ಮುಳ್ಳು ಬೆಳಗಿನ ಜಾಗದಿಂದ ಹೆಚ್ಚು ಕದಲಿಲ್ಲ. ಹೆಂಡತಿ ಬ್ಯಾಗು ತುಂಬತೊಡಗುತ್ತಾರೆ.

ನಿಮ್ಮ ಆಸೆ ಏನು ಎಂದು ಅಕ್ಕನನ್ನು ಕೇಳುತ್ತೇನೆ.

"ಮೇಷ್ಟ್ರು ಪೂರ್ತಿ ವಾಸಿಯಾಗಿ ಒಂದಿನ ನಮ್ಮನೆಗೆ ಬರ್ಬೇಕು. ದೊಡ್ಡ ಲೋಟದ ತುಂಬಾ ನೀರು ಕೊಟ್ಟು, ಇನ್ನೂ ಸ್ವಲ್ಪ ಹಾಕ್ಲಾ ಅಂತ ನಾನು ಕೇಳ್ಬೇಕು. ಅವ್ರು, 'ಸಾಕಕ್ಕಾ' ಅನ್ಬೇಕು."