ಚಾವಿ ತೆಗೆದರೂ ನಿಲ್ಲದ ಕಾರು

ಮೂರು ಸಾವಿರದ ಇನ್ನೂರು ರೂಪಾಯಿ. ಕೇಳಿದ್ದು ನಾಲ್ಕೂವರೆ ಸಾವಿರ, ದಾವಣಗೆರೆಯ ಪಿ.ಜೆ. ಬಡಾವಣೆಯ ಗ್ಯಾರೇಜಿನಲ್ಲಿ ಕುರ್ಚಿ ಬಿಟ್ಟೇಳದೆ ಕೂತು ಇಷ್ಟಕ್ಕೆ ಇಳಿಸಿದೆ. ಮೊಮ್ಮಗ ಫೋನಿನಲ್ಲಿ ಮಾತಾಡುತ್ತ ಪೆಟ್ರೋಲ್ ಕಾರಿಗೆ ಡೀಸೆಲ್ ತುಂಬಿಸಿಕೊಂಡು ಬಂದಿದ್ದ. ಟ್ಯಾಂಕ್ ಬಿಚ್ಚಿ, ಪೈಪು ತೊಳೆದು, ಮತ್ತೆ ಜೋಡಿಸುವುದಕ್ಕೆ ಆ ಖರ್ಚು.

ದುಡ್ಡಿನ ಸಂಕಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಟ್ಯಾಂಕಿನಿಂದ ಬಕೆಟ್ಟಿಗೆ ಇಳಿದ ಆ ಬೆರಕೆಯ ವಾಸನೆ, ಸೀಮೆಎಣ್ಣೆಯಂಥದೇ ವಾಸನೆ, ಮೂಗಿಗೆ ಬಡಿದದ್ದೇ ನನ್ನ ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡವು. ಎಂಬತ್ತೈದರ ಮುದುಕಿಗೆ ಏನೋ ಆಯಿತೆಂದು ಗ್ಯಾರೇಜಿನವರು ನೀರು ತಂದರು. ಏನೂ ಆಗಿರಲಿಲ್ಲ. ಎದುರು ಮನೆಯ ಅಣ್ಣಾರ ಕಾರು ನೆನಪಾಗಿತ್ತು…

ಅರವತ್ತರ ದಶಕದ ಮಾತು. ಗಂಡ ಹತ್ತಿ ಮಿಲ್ಲಿನಲ್ಲಿದ್ದರು. ನಾನು ಸೀರೆ, ಕುಪ್ಪಸದ ಬಟ್ಟೆ ಮಾರಲು ಶುರು ಮಾಡಿದ್ದೆ. ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು, ಮಗಳನ್ನೂ ಕರೆದುಕೊಂಡು ಹರಿಹರಕ್ಕೆ ಹೋಗಬೇಕಿತ್ತು. ಅಣ್ಣಾರು ಹಳೆಯದೊಂದು ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ರಕ್ತಸಂಬಂಧವಲ್ಲ, ಓಣಿಗೆಲ್ಲ ಅವರು ಅಣ್ಣಾರು. ಬೇರೆಯವರು ಕೇಳುವುದರ ಅರ್ಧಕ್ಕೆ ಕರೆದೊಯ್ಯುತ್ತಿದ್ದರು. ಅಗ್ಗದ ಮಾಲು ಕಂಡರೆ ವ್ಯಾಪಾರದವರಿಗೆ ಅನುಮಾನ ಬರಲೇಬೇಕು. ಹೆಂಗೆ ಪೂರೈಸುತ್ತದೆ ಎಂದು ಕೇಳಿಯೇಬಿಟ್ಟೆ. ಅವರು ಮುಚ್ಚಿಡಲಿಲ್ಲ. ಬಾನೆಟ್ ಎತ್ತಿ ತೋರಿಸಿದರು. ಒಳಗೊಂದು ಸಣ್ಣ ಡಬ್ಬಿಯಲ್ಲಿ ಅಪ್ಪಟ ಪೆಟ್ರೋಲು, ಸ್ಟಾರ್ಟ್ ಮಾಡಲಿಕ್ಕೆ ಮಾತ್ರ. ಎಂಜಿನ್ ಕಾದ ಮೇಲೆ ಒಂದು ನಲ್ಲಿ ತಿರುಗಿಸಿದರೆ ಹಿಂದಿನ ಟ್ಯಾಂಕಿನದು ಬರುತ್ತಿತ್ತು. ಆ ಟ್ಯಾಂಕಿನಲ್ಲಿ ಪೆಟ್ರೋಲಿಗಿಂತ ಸೀಮೆಎಣ್ಣೆಯೇ ಹೆಚ್ಚು.

"ದೀಪಕ್ಕೆ ಹಾಕೋದನ್ನ ಕಾರಿಗೆ ಹಾಕ್ತೀರಲ್ರೀ ಅಣ್ಣಾರೆ" ಅಂದೆ.

"ದೀಪದಾಗೆ ಉರಿಯಲ್ವೇನು? ಇದರಾಗೂ ಉರೀತೈತೆ. ನಿನ್ನ ಗಂಟು ಹರಿಹರ ಮುಟ್ಟಿದ್ರೆ ಸಾಕಲ್ಲ ತಂಗೀ."

ಮುಟ್ಟುತ್ತಿತ್ತು. ಆದರೆ ಮುಟ್ಟಿದ ಮೇಲೆ ನಿಲ್ಲುತ್ತಿರಲಿಲ್ಲ.

ಅಣ್ಣಾರು ಚಾವಿ ತಿರುಗಿಸಿ ಹೊರಗೆ ತೆಗೆದರೂ ಎಂಜಿನ್ ಗಡಗಡ ಹೊಡೆದುಕೊಳ್ಳುತ್ತಿತ್ತು. ಉಸಿರು ಕಟ್ಟಿದಂತಾಗಿ, ಮತ್ತೆ ಕೆಮ್ಮಿ, ಮತ್ತೆ ನಡುಗಿ… ಕಾದ ಎಂಜಿನ್ನಿನಲ್ಲಿ ಸೀಮೆಎಣ್ಣೆಗೆ ಕಿಡಿಯೇ ಬೇಕಿಲ್ಲ, ಬಿಸಿಗೇ ಹೊತ್ತಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ಚಾವಿ ಅಣ್ಣಾರ ಕೈಯಲ್ಲಿದೆ, ಕಾರು ಯಾರ ಕೈಯಲ್ಲೂ ಇಲ್ಲ. ಅದು ಮನೆ ಮುಂದೆ ಬಂದು ನಿಂತರೆ ನಮ್ಮ ಗೂಡಿನ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಅತ್ತೆ ಹೊಸ್ತಿಲಲ್ಲಿ ನಿಂತು, "ಸತ್ತ ಮ್ಯಾಲೂ ಒದರ್ತೈತೆ ನೋಡು. ಅದರಾಗ ಕುಂದ್ರಬ್ಯಾಡ" ಅನ್ನುತ್ತಿದ್ದರು.

ಅಣ್ಣಾರು ನಗುತ್ತಿದ್ದರು. "ಅದೂ ನಿಮ್ಮ ಸೊಸಿ ಹಂಗೇ ಅಮ್ಮಾ. ವ್ಯಾಪಾರ ಮುಗಿದ್ರೂ ಬಾಯಿ ಮುಚ್ಚಂಗಿಲ್ಲ."

ನಾನೂ ನಗುತ್ತಿದ್ದೆ. ಆದರೆ ಇಳಿಯುವಾಗ ಮೊದಲು ಮಗಳನ್ನು ಇಳಿಸಿ, ಆಮೇಲೆ ಗಂಟಿಗೆ ಕೈ ಹಾಕುತ್ತಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ. ಹರಿಹರದಲ್ಲಿ ವ್ಯಾಪಾರ ಮುಗಿಸಿ ಹೊರಟಾಗ ಎಂಜಿನ್ ಆವಿ ಬಿಡತೊಡಗಿತು. ನೀರು ಹಾಕಬೇಕೆಂದು ಅಣ್ಣಾರು ಹೊಳೆಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿದರು. ಹ್ಯಾಂಡ್ ಬ್ರೇಕು ಸಡಿಲ. ಇಳಿದು ಗಾಲಿಗೆ ಕಲ್ಲು ಕೊಟ್ಟರು. ಚಾವಿ ತೆಗೆದು ಜೇಬಿಗೆ ಹಾಕಿದರು. ಎಂಜಿನ್ ಎಂದಿನಂತೆ ನಡುಗುತ್ತಲೇ ಇತ್ತು. "ದಣಿದ ಮ್ಯಾಲೆ ತಾನೇ ನಿಲ್ತೈತೆ ಬಿಡು" ಎಂದು ಕೊಡ ಹಿಡಿದು ನಡೆದರು. ನಾಲ್ಕು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ಸೀರೆ ಗಂಟಿಗೆ ಒರಗಿ ನಿದ್ದೆ ಹೋಗಿದ್ದಳು. ಎಬ್ಬಿಸುವುದು ಬೇಡವೆಂದು, ಮುಖಕ್ಕೆ ನೀರು ಹಾಕಿಕೊಳ್ಳಲು ನಾನೊಬ್ಬಳೇ ಅವರ ಹಿಂದೆ ಇಳಿದೆ. ಬೇಸಿಗೆಯಲ್ಲೂ ಆ ದಂಡೆಯಲ್ಲಿ ಆಳದ ಮಡುವಿತ್ತು.

ಬೆನ್ನ ಹಿಂದಿನ ಸದ್ದು ಬದಲಾಯಿತು. ತಿರುಗಿ ನೋಡಿದೆ. ನಡುಗುವ ಕಾರು ಕಲ್ಲನ್ನು ಅಲುಗಿಸಿ ಅಲುಗಿಸಿ ಪಕ್ಕಕ್ಕೆ ತಳ್ಳಿ, ನಮ್ಮ ಕಡೆಗೆ ಬರುತ್ತಿತ್ತು. ಮೆಲ್ಲಗೆ… ಅದು ಅಷ್ಟು ಮೆಲ್ಲಗೆ ಬರುವುದನ್ನು ಕಂಡೇ ಜೀವ ಹಾರಿಹೋಯಿತು. ಗಾಜಿನ ಆಚೆ ಮಗಳ ತಲೆ ಕಾಣಲಿಲ್ಲ. ಕೂಗಲು ಬಾಯಿ ತೆರೆದೆ. ಬೆಳಗಿನಿಂದ ಚೌಕಾಸಿ ಮಾಡಿದ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

ಅಣ್ಣಾರು ಕೊಡ ಎಸೆದು ಓಡಿದರು. ಬಾಗಿಲಿಗೆ ಜೋತುಬಿದ್ದು, ಹೇಗೋ ಒಳಗೆ ನುಗ್ಗಿ ಬ್ರೇಕ್ ಒತ್ತಿದರು. ಮುಂದಿನ ಗಾಲಿಗಳನ್ನು ನೀರಿಗಿಳಿಸಿ ಕಾರು ನಿಂತಿತು. ಎಂಜಿನ್ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅವರು ಕಾಲು ತೆಗೆಯುವಂತಿರಲಿಲ್ಲ. ಕುತ್ತಿಗೆ ಕೂಡ ತಿರುಗಿಸದೆ ಹೇಳಿದರು: "ತಂಗೀ, ಕೂಸನ್ನ ತಗೋ. ಮೊದ್ಲು ಕೂಸನ್ನ ತಗೋ."

ನಾನು ನಿಂತಲ್ಲೇ ಇದ್ದೆ. ಅವರು ಮತ್ತೆ ಅದನ್ನೇ ಹೇಳಿದರು, ಬೈಯದೆ, ದನಿ ಏರಿಸದೆ. ಹೇಗೆ ಹೋದೆನೋ… ಬಾಗಿಲು ತೆಗೆದು ಬೆವೆತ ಮಗುವನ್ನು ಎಳೆದುಕೊಂಡದ್ದಷ್ಟೇ ನೆನಪಿದೆ. ಅವಳು ಕಣ್ಣೂ ಬಿಡಲಿಲ್ಲ. ನಾನು ದಂಡೆ ಹತ್ತಿದ ಮೇಲೂ ಅವರು ಹಾಗೇ ಕೂತಿದ್ದರು, ಎಂಜಿನ್ ಕೊನೆಗೊಮ್ಮೆ ಕೆಮ್ಮಿ ಸುಮ್ಮನಾಗುವವರೆಗೆ. ಆಮೇಲೆ ಗೇರಿಗೆ ಹಾಕಿ ಇಳಿದುಬಂದು, ಜೇಬಿನಿಂದ ಚಾವಿ ತೆಗೆದು ಅದನ್ನೇ ನೋಡುತ್ತ ಕೂತರು.

ನಾನೂ ಮಗಳೂ ಬಸ್ಸಿನಲ್ಲಿ ದಾವಣಗೆರೆಗೆ ಬಂದೆವು.

ಆ ವಾರವೇ ಅಣ್ಣಾರು ಟ್ಯಾಂಕು ಬರಿದು ಮಾಡಿದರು. ಎಂಜಿನ್ ಬಿಚ್ಚಿಸಿ ಒಳಗಿನ ಮಸಿ ಕೆರೆಸಿದರು. ಡಬ್ಬಿ, ನಲ್ಲಿ ಎರಡನ್ನೂ ಕಿತ್ತೆಸೆದರು. ನನ್ನ ಹತ್ತಿರ ಒಂದು ತುಂಡು ಬಿಳಿ ಬಟ್ಟೆ ಕೊಂಡರು, ಚೌಕಾಸಿಯನ್ನೇ ಮಾಡಲಿಲ್ಲ. ಬಂಕಿನ ಪೆಟ್ರೋಲನ್ನು ಅದರ ಮೇಲೆ ಒಂದು ಹನಿ ಬಿಟ್ಟು, ಜಿಡ್ಡು ಉಳಿಯದೆ ಆರಿದರೆ ಮಾತ್ರ ತುಂಬಿಸಿಕೊಳ್ಳುತ್ತಿದ್ದರಂತೆ. ಬಾಡಿಗೆ ಏರಿತು, ಗಿರಾಕಿ ಇಳಿಯಿತು.

ಆದರೂ ಹರಿಹರದ ದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಕಾರು ತಂದು ನಿಲ್ಲಿಸುತ್ತಿದ್ದರು. ಹಾರ್ನ್ ಹೊಡೆಯುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಚಾವಿ ತಿರುಗಿಸುತ್ತಿದ್ದರು. ಎಂಜಿನ್ ತಟ್ಟನೆ ನಿಲ್ಲುತ್ತಿತ್ತು. ನಿಂತದ್ದು ನನಗೆ ಕೇಳಲೆಂದು ಒಂದಿಷ್ಟು ಹೊತ್ತು ಹಾಗೇ ಕೂತಿರುತ್ತಿದ್ದರು. ಗೂಡಿನ ಪಾತ್ರೆ ಒಂದೂ ಅಲುಗುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ಮಗಳ ಕೈ ಹಿಡಿದು ನಿಂತಿರುತ್ತಿದ್ದೆ. ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಕಾರು ಹೊರಟುಹೋದ ಮೇಲೆ ಗಂಟು ಹೊತ್ತು ಬಸ್ಸಿಗೆ ನಡೆಯುತ್ತಿದ್ದೆ.

ಮುಂದೆ ಅವರು ಕಾರು ಮಾರಿದರು. ಕೆಲ ವರ್ಷಗಳಲ್ಲಿ ತೀರಿಯೂ ಹೋದರು. ಮಗಳಿಗೆ ಈಗ ಅರವತ್ತು ದಾಟಿದೆ. ಅವಳಿಗೆ ಇದೊಂದೂ ನೆನಪಿಲ್ಲ. ಕೇಳಿಸಿತು ಅಣ್ಣಾರೆ, ನಿಂತದ್ದು ಕೇಳಿಸಿತು ಎಂದು ಹೇಳೋಣವೆಂದರೆ ಎದುರಿಗೆ ಆ ಮನೆಯೂ ಇಲ್ಲ…

ನಿಮಗೆ ಹೇಳುವುದಿಷ್ಟು. ಬಂಕಿನಲ್ಲಿ ಫೋನ್ ಒಳಗಿಟ್ಟು ಕೆಳಗಿಳಿಯಿರಿ. ಏನು ಹಾಕಬೇಕೆಂದು ಬಾಯಿಬಿಟ್ಟು ಹೇಳಿ, ಏನು ಬೀಳುತ್ತಿದೆಯೆಂದು ಕಣ್ಣಾರೆ ನೋಡಿ. ತಪ್ಪಿ ಬೇರೆಯದು ಬಿದ್ದರೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ. ಖರ್ಚು ಎಷ್ಟೋ ಉಳಿಯುತ್ತದೆ. ದುಬಾರಿ ಪೆಟ್ರೋಲೇ ಒಳ್ಳೆಯದೆಂದು ಮರುಳಾಗಬೇಡಿ. ಕಾರಿನ ಜೊತೆ ಕೊಟ್ಟ ಪುಸ್ತಕ ಹೇಳಿದ್ದನ್ನು ಹಾಕಿಸಿ, ಅದಕ್ಕಿಂತ ಕೀಳಾದದ್ದು ಮಾತ್ರ ಬೇಡ. ಯಾರಾದರೂ ಅರ್ಧ ಬಾಡಿಗೆ ಹೇಳಿದರೆ ಬಾನೆಟ್ ಎತ್ತಿಸಿ. ಇಳಿಜಾರಿನಲ್ಲಿ ನಿಲ್ಲಿಸಿದರೆ ಮೊದಲು ಮಕ್ಕಳನ್ನು ಇಳಿಸಿ, ನಿದ್ದೆ ಕೆಟ್ಟರೂ ಸರಿ. ಮನೆ ಮುಟ್ಟಿ ಚಾವಿ ತೆಗೆದ ಮೇಲೆ ಅವಸರದಲ್ಲಿ ಇಳಿಯಬೇಡಿ. ಒಂದು ಕ್ಷಣ ಕೂತು, ಅದು ನಿಂತದ್ದನ್ನು ಕೇಳಿಸಿಕೊಳ್ಳಿ.