ಎಲ್ವಿನ್ ಕಂಡ ಬಿಳಿ ತಟ್ಟೆ

ಕೆಂಟಕಿಯ ಗುಡ್ಡಗಳ ನಡುವಿನ ನಮ್ಮ ಗುರಿಮೈದಾನದಲ್ಲಿ ಪಿಸ್ತೂಲಿನ ಬಗ್ಗೆ ಎಲ್ವಿನ್ ಟ್ಯಾಕೆಟ್ ಆಡಿದ್ದೇ ಕೊನೆ ಮಾತು. ಯಾವ ಹೊಸ ಪಿಸ್ತೂಲು ಬಂದರೂ ಕೈಗೆತ್ತಿಕೊಂಡು, ಹಿಡಿಕೆ ದಪ್ಪವಾಯಿತು, ಟ್ರಿಗರ್ ಬಿಗಿಯಾಯಿತು ಎಂದು ಮುಖ ಸಿಂಡರಿಸದೆ ಕೆಳಗಿಟ್ಟವನಲ್ಲ. ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತನಾದವನು. ಹೊಸಬರಿಗೆ ಕಲಿಸುವವನ ಸೀಟಿ ಅವನ ಕೊರಳಲ್ಲೇ ಹಳತಾಗಿತ್ತು. ಪಾಠ ಒಂದೇ: ನಳಿಗೆಯ ತುದಿಯ ಗುರಿಮೊನೆ ಚೊಕ್ಕವಾಗಿ ಕಾಣಬೇಕು, ಗುರಿ ಮಸುಕಾದರೆ ಆಗಲಿ. ಪಿಸ್ತೂಲಿನ ಬೆನ್ನಿಗೆ ಗಾಜು ಕೂರಿಸಿ, ಅದರೊಳಗಿನ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಹಳೆಯ ಗೆಳತಿ ಗ್ಲೆಂಡಾ ಫ್ಯೂಗೇಟ್ ಅಂಥದ್ದೊಂದು ಕೂರಿಸಿದಾಗ, "ಟಿವೀಲಿ ಇವತ್ತೇನು ಬರ್ತಿದೆ?" ಎಂದು ವರ್ಷವಿಡೀ ಕಾಡಿದ್ದ.

ಈ ಚಳಿಗಾಲ ಆ ಗುರಿಮೊನೆಯೇ ಅವನಿಗೆ ಕೈಕೊಟ್ಟಿತು. ದೂರದ ಮರದ ಅಳಿಲು ಕಾಣುತ್ತದೆ, ಚಾಚಿದ ಕೈಯ ತುದಿ ಕಾಣುವುದಿಲ್ಲ. ವಯಸ್ಸು ಯಾರನ್ನು ಬಿಟ್ಟಿದೆ ಹೇಳಿ. ನಮ್ಮಲ್ಲೊಂದು ಕಟ್ಟಳೆಯಿದೆ. ವಸಂತದ ಮೊದಲ ತರಗತಿಯ ದಿನ ಸೀಟಿ ಹೊತ್ತವನು ಎಲ್ಲರೆದುರು ನಿಂತು, ಬಿಳಿ ಬಣ್ಣ ಬಳಿದ ಕಬ್ಬಿಣದ ತಟ್ಟೆಗೆ ಒಂದೇ ಗುಂಡು ಹೊಡೆಯಬೇಕು. ತಪ್ಪಿದರೆ ಸೀಟಿ ಬಿಚ್ಚಿ ಕೊಡಬೇಕು. ಹೆಂಡತಿ ತೀರಿಕೊಂಡ ಮೇಲೆ ಎಲ್ವಿನ್‌ಗೆ ಮನೆಯಿಂದ ಹೊರಬೀಳಲು ಇದ್ದದ್ದು ಆ ಸೀಟಿಯೊಂದೇ.

ಕೆಂಪು ಚುಕ್ಕೆಗೆ ಹತ್ತಿರದ ನೋಟ ಚೊಕ್ಕವಿರಬೇಕಿಲ್ಲ ಎಂದು ಕೇಳಿ ಬಲ್ಲವನು, ಮಾನ ಮರ್ಯಾದೆ ಬಿಟ್ಟು ಗ್ಲೆಂಡಾಳ ಬಾಗಿಲು ತಟ್ಟಿದ. ಅವಳು ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿ, ಮನಸಾರೆ ಹಂಗಿಸಿ, ಆಮೇಲೆ ತನ್ನ ಪಿಸ್ತೂಲು ಕೊಟ್ಟು ಮೈದಾನಕ್ಕೆ ಕರೆದೊಯ್ದಳು. ಅವನೋ, ಹಳೆ ಚಾಳಿಯಂತೆ ಎಡಗಣ್ಣು ಮುಚ್ಚಿ ಗಾಜನ್ನೇ ದುರುಗುಟ್ಟಿ ನೋಡಿದ. ಗುಂಡುಗಳೆಲ್ಲ ಮಣ್ಣಿನ ದಿಬ್ಬದ ಪಾಲಾದವು. ಗ್ಲೆಂಡಾ ಗಾಜಿನ ಮುಂಬದಿಗೆ, ಗುರಿಯತ್ತ ಮುಖ ಮಾಡಿದ ಬದಿಗೆ, ಕಪ್ಪು ಟೇಪು ಅಂಟಿಸಿಬಿಟ್ಟಳು.

"ತಲೆ ಕೆಟ್ಟಿದ್ಯೇನೆ ನಿಂಗೆ? ಈಗ ಚುಕ್ಕೆ ಬಿಟ್ರೆ ಏನೂ ಕಾಣ್ಸಲ್ಲ."

"ಎರಡೂ ಕಣ್ಣು ಬಿಡೋ ಮುದುಕಾ. ಗಾಜಿನ ಗೊಡವೆ ಬಿಡು, ತಟ್ಟೆ ನೋಡು."

ನೋಡಿದ. ಅಬ್ಬಾ! ಒಂದು ಕಣ್ಣಿಗೆ ತಟ್ಟೆ, ಇನ್ನೊಂದಕ್ಕೆ ಚುಕ್ಕೆ. ಎರಡೂ ಒಂದಾಗಿ, ಟೇಪೇ ಇಲ್ಲವೇನೋ ಎಂಬಂತೆ ಕೆಂಪು ಚುಕ್ಕೆ ಹೋಗಿ ತಟ್ಟೆಯ ನಡುವೆ ಕೂತಿತ್ತು. ಪಿಸ್ತೂಲು ಇಳಿಸಿ ಟೇಪು ಸರಿಯಾಗಿ ಅಂಟಿದೆಯೇ ಎಂದು ನೋಡಿದ, ಮತ್ತೆ ಎತ್ತಿದ. ಕಣ್ಣು ಕೊಟ್ಟ ದೇವರು ತಲೆಯೊಳಗೆ ಇಂಥ ಚಮತ್ಕಾರವನ್ನೂ ಇಟ್ಟಿದ್ದಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ತರಗತಿಯ ದಿನ ಟೇಪು ಮೆತ್ತಿದ ಗಾಜು ಕಂಡು ನಾವು ಮುಖ ಮುಖ ನೋಡಿಕೊಂಡೆವು. ಎಲ್ವಿನ್ ಹೊಡೆದ. ತಟ್ಟೆ ಠಣ್ಣೆಂದಿತು. ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟ. ಆದರೆ ಉಳಿಸಿಕೊಂಡ ಸೀಟಿಯನ್ನು ಊದಲೇ ಇಲ್ಲ. ಅಲ್ಲೇ ನಿಂತುಬಿಟ್ಟ. ಗ್ಲೆಂಡಾ ಹತ್ತಿರ ಹೋಗಿ ಏನಾಯಿತೆಂದು ಕೇಳಿದಳು.

"ಗುಂಡು ತಾಗಿ ಬಿಳಿ ಬಣ್ಣ ಚದುರಿದ್ದು ಕಾಣಿಸ್ತು, ಗ್ಲೆಂಡಾ," ಎಂದ. ಕಣ್ಣು ತುಂಬಿ ಬಂದಿತ್ತು. "ಜೀವಮಾನ ಪೂರ್ತಿ ಗುರಿಮೊನೆ ನೋಡ್ಕೊಂಡೇ ಆ ತಟ್ಟೆಗೆ ಹೊಡ್ದಿದೀನಿ. ಹೊಡೆಯೋವಾಗ ಅದನ್ನ ನೋಡಿದ್ದು ಇವತ್ತೇ."